ಅಷ್ಟತೀರ್ಥ ಸಂಚಾರ: ಬಯಲುಸೀಮೆಯ ಒಂದು ವಿಹಾರದ ಇತಿಹಾಸ

ವಿಹಾರವೆಂದೊಡನೆ ಪಟ್ಟಣವಾಸಿಯ ಮನಸ್ಸು ಬೆಟ್ಟದ ಕಡೆಗೆ ಓಡುತ್ತದೆ. ಎತ್ತರದಲ್ಲೊಂದು ಚಿಕ್ಕ ಊರು, ತಂಪಾದ ಗಾಳಿ, ನಡೆದಾಡಲು ಕಾಲುದಾರಿ, ನಿಂತು ಕೆಳಗೆ ನೋಡಲು ಒಂದು ಕೋಡುಗಲ್ಲು. ಇಷ್ಟಿದ್ದರೆ ವಿಹಾರಸ್ಥಾನದ ಲಕ್ಷಣವು ಪೂರ್ಣವಾಯಿತೆಂದು ನಾವು ಭಾವಿಸುತ್ತೇವೆ. ಈ ಅಭಿರುಚಿಯು ನಮ್ಮಲ್ಲಿ ಬಹಳ ಹಳೆಯದಲ್ಲ. ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲಿವನ್ನನು ನೀಲಗಿರಿಯನ್ನು ಹತ್ತಿದುದು 1819ರಲ್ಲಿ. ಮುಂಬಯಿಯ ಗವರ್ನರನಾಗಿದ್ದ ಸರ್ ಜಾನ್ ಮಾಲ್ಕಮನು ಮಹಾಬಳೇಶ್ವರದಲ್ಲಿ ಆರೋಗ್ಯಧಾಮವನ್ನು ನೆಲೆಗೊಳಿಸಿದುದು ಅದಾದ ಹತ್ತು ವರ್ಷದೊಳಗೆ. ಬಯಲಿನ ಬೇಗೆಯನ್ನು ತಾಳಲಾರದ ಆಂಗ್ಲರು ಗಿರಿಶಿಖರಗಳನ್ನು ಹುಡುಕಿಕೊಂಡರು. ಅವರ ಹಿಂದೆ ಅವರ ಕಚೇರಿಗಳು ಹೋದುವು. ಕಚೇರಿಗಳ ಹಿಂದೆ ನಾವು ಹೋದೆವು.

ಹಾಗಾದರೆ ಬೆಟ್ಟವೇ ಇಲ್ಲದ ಸೀಮೆಯವರು ಏನು ಮಾಡುತ್ತಿದ್ದರು? ಕಲಬುರಗಿ, ಆಳಂದ, ಅಫಜಲಪುರ, ಜೇವರ್ಗಿಗಳ ಕಡೆಗೆ ಹೋದವರಿಗೆ ಗೊತ್ತು: ಅಲ್ಲಿ ಕಣ್ಣು ಹರಿಯುವಷ್ಟು ದೂರವೂ ಕರಿಯ ಎರೆಭೂಮಿ; ಅದರ ಮೇಲೆ ಜೋಳ, ತೊಗರಿ; ನಡುನಡುವೆ ಒಂದೊಂದು ಬೇವಿನ ಮರ. ಬೇಸಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿಯನ್ನು ಮೀರುತ್ತದೆ. ಇಂಥ ನೆಲದಲ್ಲಿ ಮನೆಯಿಂದ ಹೊರಬಿದ್ದು ಸಂತೋಷಕ್ಕಾಗಿ ಅಲೆಯುವುದೆಂದರೇನು? ಈ ಪ್ರಶ್ನೆಗೆ ಉತ್ತರ ಬೇಕಾದವರು ಭೀಮಾ ಅಮರ್ಜಾ ನದಿಗಳು ಕೂಡುವಲ್ಲಿರುವ ಗಾಣಗಾಪುರದ ಇತಿಹಾಸವನ್ನು ನೋಡಬೇಕು. ಬಯಲುಸೀಮೆಯ ಜನರಿಗೂ ವಿಹಾರವಿತ್ತು. ಆದರೆ ಅದರ ಹೆಸರು ವಿಹಾರವಾಗಿರಲಿಲ್ಲ, ಯಾತ್ರೆಯಾಗಿತ್ತು.

ಯಾತ್ರೆಯನ್ನು ವಿಹಾರದೊಡನೆ ಹೋಲಿಸುವುದು ಅಪಚಾರವೆಂದು ಕೆಲವರಿಗೆ ತೋರಬಹುದು. ಈ ಎರಡನ್ನೂ ಬೇರೆಬೇರೆಯಾಗಿ ಇಡುವುದು ನಮ್ಮ ಕಾಲದ ಅಭ್ಯಾಸ. ಇಟಲಿಯ ಕವಿ ಪೆಟ್ರಾರ್ಕನು 1336ರ ಏಪ್ರಿಲಿನಲ್ಲಿ ದಕ್ಷಿಣ ಫ್ರಾನ್ಸಿನ ವಾಂತೂ ಪರ್ವತವನ್ನು ಬರಿಯ ನೋಡುವ ಆಸೆಯಿಂದ ಹತ್ತಿದೆನೆಂದು ಒಂದು ಪತ್ರದಲ್ಲಿ ಹೇಳಿಕೊಂಡಿದ್ದಾನೆ. ಆದರೆ ತುದಿಯನ್ನು ಮುಟ್ಟಿ, ಸಂಗಡ ತಂದಿದ್ದ ಸಂತ ಅಗಸ್ಟೀನನ ಗ್ರಂಥವನ್ನು ತೆರೆದು, ಹೊರಗನ್ನು ನೋಡುತ್ತ ಒಳಗನ್ನು ಮರೆತೆನಲ್ಲಾ ಎಂದು ನಾಚಿ, ಇಳಿಯುವಾಗ ಬಾಯಿ ಬಿಡಲಿಲ್ಲವಂತೆ. ಅದೇ ಶತಮಾನದ ಕೊನೆಗೆ ಚಾಸರನು ವರ್ಣಿಸಿದ ಕ್ಯಾಂಟರ್ಬರಿಯ ಯಾತ್ರಿಕರಿಗಾದರೋ ಈ ಸಂಕೋಚವಿಲ್ಲ. ವಸಂತ ಬಂದಿತು, ಸಂತನ ಸಮಾಧಿಗೆ ಹೊರಟರು, ದಾರಿಯುದ್ದಕ್ಕೂ ಕಥೆ ಹೇಳಿ ನಕ್ಕರು. ಪುಣ್ಯವೂ ಆಯಿತು, ಗಾಳಿ ಬೆಳಕೂ ಆಯಿತು. ಗಾಣಗಾಪುರದ ಗುರುಗಳು ಈ ಎರಡನೆಯ ಪಂಥದವರೆಂದು ನಮಗೆ ತೋರುತ್ತದೆ.

ಆ ಗುರುಗಳು ಶ್ರೀ ನರಸಿಂಹ ಸರಸ್ವತಿಗಳು. ವಿದರ್ಭದ ಕಾರಂಜದಲ್ಲಿ ಹುಟ್ಟಿ, ಕಾಶಿಯಲ್ಲಿ ಸಂನ್ಯಾಸವನ್ನು ಪಡೆದು, ಕೃಷ್ಣಾತೀರದ ನರಸೋಬವಾಡಿಯಲ್ಲಿ ಬಹುಕಾಲವಿದ್ದು, ಹದಿನೈದನೆಯ ಶತಮಾನದಲ್ಲಿ ಗಾಣಗಾಪುರಕ್ಕೆ ಬಂದು ತಮ್ಮ ಆಯುಷ್ಯದ ಉತ್ತರಾರ್ಧವನ್ನು ಇಲ್ಲಿ ಕಳೆದರು. ಅವರನ್ನು ದತ್ತಾತ್ರೇಯನ ಅವತಾರವೆಂದು ಭಕ್ತರು ಪೂಜಿಸುತ್ತಾರೆ. ಅವರ ವಿಷಯದಲ್ಲಿ ನಮಗಿರುವ ಮುಖ್ಯವಾದ ಆಧಾರ ಹದಿನಾರನೆಯ ಶತಮಾನದಲ್ಲಿ ಸರಸ್ವತೀ ಗಂಗಾಧರನು ಮರಾಠಿಯ ಓವಿಗಳಲ್ಲಿ ಬರೆದ ಗುರುಚರಿತ್ರೆ. ಈ ಕವಿಯ ವಂಶದ ಹಿರಿಯನಾದ ಸಾಯಂದೇವನು ಗುರುಗಳ ಶಿಷ್ಯ. ಆಳಂದ ತಾಲೂಕಿನ ಕಡಗಂಚಿಯವನು. 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ನೆಲೆಗೊಂಡಿರುವುದು ಆ ಕಡಗಂಚಿಯ ಬಳಿಯಲ್ಲಿಯೇ. ಕವಿಯು ಮರಾಠಿಯು ತನಗೆ ಸರಿಯಾಗಿ ಬಾರದೆಂದು ಮೊದಲಲ್ಲೇ ಹೇಳಿಕೊಳ್ಳುತ್ತಾನೆ. ಗ್ರಂಥದ ಒಂದು ಅಧ್ಯಾಯದಲ್ಲಿ ಗುರುವನ್ನು ಸ್ತುತಿಸುವಾಗ ತಡೆಯಲಾರದೆ ಕನ್ನಡ ಪದಗಳನ್ನೇ ಹಾಡಿಬಿಡುತ್ತಾನೆ. ಮಹಾರಾಷ್ಟ್ರದ ಮನೆಮನೆಯಲ್ಲಿಯೂ ಪಾರಾಯಣವಾಗುವ ಪುಸ್ತಕದೊಳಗೆ ಹೀಗೆ ಒಂದಿಷ್ಟು ಕನ್ನಡವು ಸೇರಿಕೊಂಡಿದೆ. ಕನ್ನಡಿಗರು ಇದನ್ನು ಆಗಾಗ ನೆನೆಯುವುದು ಒಳ್ಳೆಯದು.

ಈ ಗ್ರಂಥದ ನಲವತ್ತೊಂಬತ್ತನೆಯ ಅಧ್ಯಾಯವು ನಮ್ಮ ವಿಷಯಕ್ಕೆ ಪ್ರಾಣವಾದುದು. ಭೂಮಿಯ ಮೇಲೆ ಇಷ್ಟೊಂದು ತೀರ್ಥಗಳಿರುವಾಗ ಗುರುಗಳು ಈ ಊರನ್ನೇ ಏಕೆ ಆರಿಸಿಕೊಂಡರೆಂದು ಶಿಷ್ಯನಾದ ನಾಮಧಾರಕನು ಕೇಳುತ್ತಾನೆ. ಸಿದ್ಧಮುನಿಯು ಉತ್ತರವಾಗಿ ಒಂದು ದೀಪಾವಳಿಯ ಕಥೆಯನ್ನು ಹೇಳುತ್ತಾನೆ. ಆಶ್ವಯುಜ ಬಹುಳ ಚತುರ್ದಶಿ. ಗುರುಗಳು ಶಿಷ್ಯರನ್ನು ಕರೆದು, ಪ್ರಯಾಗ, ಕಾಶಿ, ಗಯೆ, ಈ ಮೂರು ಸ್ಥಳಗಳ ಸ್ನಾನವನ್ನು ಮಾಡೋಣ, ಹೆಂಡಿರು ಮಕ್ಕಳನ್ನೂ ಕರೆದುಕೊಂಡು ಬನ್ನಿ, ತಡಮಾಡಬೇಡಿ ಎನ್ನುತ್ತಾರೆ. ಶಿಷ್ಯರು ಗಾಬರಿಯಾಗುತ್ತಾರೆ. ಆ ಕಾಲದಲ್ಲಿ ಭೀಮಾತೀರದಿಂದ ಕಾಶಿಗೆ ಹೋಗುವುದೆಂದರೆ ತಿಂಗಳುಗಳ ಕಾಲ್ನಡಿಗೆ. ಹೋದವರೆಲ್ಲ ಮರಳಿ ಬರುತ್ತಾರೆಂಬ ನಂಬಿಕೆಯಿಲ್ಲ. ಸಿದ್ಧತೆ ಮಾಡಿಕೊಳ್ಳಬೇಕು, ಅಪ್ಪಣೆಯಾಗಲಿ ಎಂದು ವಿನಯದಿಂದ ಬೇಡುತ್ತಾರೆ. ಗುರುಗಳು ನಗುತ್ತಾರೆ. ಆ ತೀರ್ಥಗಳೆಲ್ಲ ನಮ್ಮ ಊರ ಬಳಿಯಲ್ಲೇ ಇವೆ, ಏತರ ಸಿದ್ಧತೆ, ಏಳಿ ಎಂದು ಎಲ್ಲರನ್ನೂ ಎಬ್ಬಿಸಿಕೊಂಡು ಹೊರಡುತ್ತಾರೆ.

ಮುಂದೆ ಬರುವುದು ಕಾಲುದಾರಿಯ ವರ್ಣನೆ. ಮೊದಲು ಸಂಗಮ; ಅಲ್ಲಿಯ ಷಟ್ಕುಲ ತೀರ್ಥ. ಜಾಲಂಧರನೊಡನೆ ನಡೆದ ಯುದ್ಧದಲ್ಲಿ ಮಡಿದ ದೇವತೆಗಳನ್ನು ಬದುಕಿಸಲು ಇಂದ್ರನು ಒಯ್ದ ಸಂಜೀವನೋದಕದಲ್ಲಿ ಉಳಿದುದು ನೆಲಕ್ಕೆ ಬಿದ್ದು ಅಮರ್ಜೆಯಾಯಿತಂತೆ. ಅದು ಭೀಮೆಯನ್ನು ಕೂಡುವ ಜಾಗವು ಪ್ರಯಾಗಕ್ಕೆ ಸಮಾನ. ಅಲ್ಲಿಯೇ ಎದುರಿಗೆ ನರಸಿಂಹ ತೀರ್ಥ, ಅದರ ದಡದ ಅಶ್ವತ್ಥ. ಅಲ್ಲಿಂದ ಸ್ವಲ್ಪ ದೂರಕ್ಕೆ ಭಾಗೀರಥಿ ತೀರ್ಥ, ಅದೇ ಕಾಶಿ. ಮುಂದೆ ಪಾಪವಿನಾಶಿ, ಅಲ್ಲಿ ಗುರುಗಳು ತಮ್ಮ ತಂಗಿ ರತ್ನಾಯಿಯನ್ನು ಸ್ನಾನ ಮಾಡಿಸಲು, ಆಕೆಯ ಮೈಯ ಬಿಳುಪು ನೀಗಿತೆಂದು ಕಥೆ. ಆಮೇಲೆ ಕೋಟಿತೀರ್ಥ. ಬಳಿಕ ರುದ್ರಪಾದ, ಅದು ಗಯೆ. ಬಳಿಕ ಚಕ್ರತೀರ್ಥ, ಅದು ದ್ವಾರಕೆ. ಕೊನೆಗೆ ಊರ ಬಳಿಯ ಮನ್ಮಥ ತೀರ್ಥ. ಅದರ ಸಮೀಪದ ಕಲ್ಲೇಶ್ವರನು ಗೋಕರ್ಣದ ಮಹಾಬಲೇಶ್ವರನಿಗೆ ಸಮಾನನು. ನದಿಯ ಕೂಡಲಿನಿಂದ ಹೊರಟು ಊರ ಅಂಚಿಗೆ ಬಂದು ಮುಟ್ಟುವ ಈ ಸಂಚಾರಕ್ಕೆ ಒಂದು ಹಗಲು ಸಾಕು. ಭಾರತವರ್ಷದ ನಕ್ಷೆಯನ್ನೆಲ್ಲ ಮಡಿಸಿ ಒಂದು ಗ್ರಾಮದ ಎಲ್ಲೆಯೊಳಗೆ ಇಟ್ಟಂತಾಯಿತು.

ದೂರದ ಕ್ಷೇತ್ರದ ಹೆಸರನ್ನು ಹತ್ತಿರದ ನೀರಿಗೆ ಇಡುವುದು ನಮ್ಮಲ್ಲಿ ಅಪೂರ್ವವಲ್ಲ. ದಕ್ಷಿಣ ಕಾಶಿಗಳೂ ಗುಪ್ತಗಂಗೆಗಳೂ ನಾಡಿನಲ್ಲೆಲ್ಲ ಇವೆ. ಇಲ್ಲಿಯ ವಿಶೇಷವು ಹೆಸರಿನಲ್ಲಿಲ್ಲ, ನಡೆಯಿಸಿದುದರಲ್ಲಿದೆ. ಆ ಶಿಷ್ಯರು ಇದೇ ಹಳ್ಳಕೊಳ್ಳಗಳ ಬದಿಯಲ್ಲಿ ದನ ಕಾಯುವವರನ್ನು ನಿತ್ಯವೂ ಕಂಡವರು, ಇದೇ ಹೊಲಗಳ ನಡುವೆ ಹಾದು ಹೋದವರು. ಕಂಡರೂ ನೋಡಿದವರಲ್ಲ. ಹಬ್ಬದ ಬೆಳಗ್ಗೆ ಹೆಂಗಸರು ಮಕ್ಕಳೊಡನೆ ಗುಂಪಾಗಿ ಹೊರಟು, ಎಂಟು ಕಡೆ ನಿಂತು, ಎಂಟು ಕಥೆಗಳನ್ನು ಕೇಳಿ, ಎಂಟು ಸಲ ಮುಳುಗು ಹಾಕಿ ಬಂದ ಮೇಲೆ ಅದೇ ಊರು ಅವರಿಗೆ ಬೇರೆಯಾಗಿ ಕಂಡಿರಬೇಕು. ಹೆಂಗಸರನ್ನೂ ಮಕ್ಕಳನ್ನೂ ಕರೆತರಬೇಕೆಂಬ ಮಾತನ್ನು ಓದುಗರು ಲಕ್ಷ್ಯದಲ್ಲಿಡಬೇಕು. ಕಾಶೀಯಾತ್ರೆಗೆ ಮನೆಯ ಎಲ್ಲರೂ ಹೋಗುವಂತಿರಲಿಲ್ಲ. ಮನೆಯನ್ನು ನೋಡಿಕೊಳ್ಳಲು ಯಾರಾದರೂ ಹಿಂದೆ ಉಳಿಯಬೇಕಾಗಿತ್ತು, ಆ ಯಾರಾದರೂ ಯಾರೆಂದು ಹೇಳಬೇಕಾಗಿಲ್ಲ. ಒಂದು ಹಗಲಿನ ಕಾಶಿಗೆ ಅವರೂ ಬರಬಹುದು.

ಗುರುಚರಿತ್ರೆಯು ಸರ್ವರನ್ನೂ ಸಮಾನವಾಗಿ ಕಾಣುವ ಪುಸ್ತಕವೆಂದು ನಾವು ಹೇಳುವುದಿಲ್ಲ. ವರ್ಣಾಶ್ರಮದ ಕಟ್ಟಳೆಗಳನ್ನೂ ಸ್ತ್ರೀಧರ್ಮದ ನಿಬಂಧನೆಗಳನ್ನೂ ಅದು ಪುಟಗಟ್ಟಲೆ ವಿಧಿಸುತ್ತದೆ. ಈ ಕಾಲದ ಓದುಗನಿಗೆ ಅವು ನುಂಗಲಾರದ ತುತ್ತುಗಳು. ಆದರೆ ಗ್ರಂಥವು ಮಠದಿಂದ ಹೊರಬಿದ್ದು ದಾರಿಗೆ ಬಂದಾಗಲೆಲ್ಲ ಅದರ ಉಸಿರೇ ಬೇರೆಯಾಗುತ್ತದೆ.

ಆ ದಾರಿಯೆಂದರೆ ಮಠಕ್ಕೂ ಸಂಗಮಕ್ಕೂ ನಡುವಿನ ಸುಮಾರು 3 ಕಿಲೋಮೀಟರು. ಗುರುಗಳು ಮೊದಲು ಸಂಗಮದಲ್ಲಿಯೇ ಇದ್ದು ಭಿಕ್ಷೆಗಾಗಿ ಊರಿಗೆ ಬರುತ್ತಿದ್ದರು. ಗ್ರಾಮಾಧಿಪತಿಯು ಒತ್ತಾಯಪಡಿಸಿ ಊರೊಳಗೆ ಮಠವನ್ನು ಕಟ್ಟಿಸಿಕೊಟ್ಟ ಮೇಲೆಯೂ ಅನುಷ್ಠಾನಕ್ಕೆಂದು ನಿತ್ಯವೂ ಸಂಗಮಕ್ಕೆ ಹೋಗುವುದನ್ನು ಬಿಡಲಿಲ್ಲ. ಅಧಿಪತಿಯು ಭಕ್ತಿಯಿಂದ ಪಲ್ಲಕ್ಕಿಯನ್ನೂ ಪರಿವಾರವನ್ನೂ ಒದಗಿಸಿದನು. ಸಂನ್ಯಾಸಿಗೆ ಇದೆಂಥ ಆಡಂಬರವೆಂದು ಕುಮಸಿಯ ತ್ರಿವಿಕ್ರಮ ಭಾರತಿಯು ಹಳಿದನು. ಗುರುಗಳು ಅವನಲ್ಲಿಗೇ ಹೋಗಿ, ಬಂದವರೆಲ್ಲರೂ ದಂಡಧಾರಿ ಯತಿಗಳಾಗಿ ಅವನ ಕಣ್ಣಿಗೆ ಕಾಣುವಂತೆ ಮಾಡಿದರೆಂದು ಕಥೆ. ಪವಾಡವನ್ನು ಬಿಟ್ಟು ನೋಡಿದರೂ ಆಕ್ಷೇಪಣೆಯಲ್ಲಿ ಹುರುಳಿದೆ. ನಡೆಯಬೇಕಾದ ದಾರಿಯಲ್ಲಿ ಹೊತ್ತುಕೊಂಡು ಹೋಗಿಸಿಕೊಳ್ಳುವುದು ಹದಿನೈದನೆಯ ಶತಮಾನದಲ್ಲಿಯೂ ಟೀಕೆಗೆ ವಿಷಯವಾಗಿತ್ತು.

ಇದೇ ದಾರಿಯ ಬದಿಯಲ್ಲಿ ಪರ್ವತೇಶ್ವರನೆಂಬ ಒಕ್ಕಲಿಗನ ಹೊಲ. ಗುರುಗಳು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಓಡಿಬಂದು ಅಡ್ಡಬೀಳುತ್ತಿದ್ದನು. ಒಂದು ದಿನ ಗುರುಗಳು, ನಾವು ಮರಳಿ ಬರುವುದರೊಳಗೆ ಈ ಜೋಳದ ಪೈರನ್ನೆಲ್ಲ ಕೊಯ್ದುಹಾಕು ಎಂದರು. ಪೈರು ಇನ್ನೂ ಹಸಿರು. ಹೆಂಡತಿಯು ಅತ್ತಳು, ಊರವರು ಬೈದರು, ಸಾರ್ಕಾರಕ್ಕೆ ದೂರು ಹೋಯಿತು, ಅವನು ಕೊಯ್ದೇಬಿಟ್ಟನು. ಬಳಿಕ ಕೆಟ್ಟ ಗಾಳಿ ಬೀಸಿ ಸುತ್ತಣ ಬೆಳೆಯೆಲ್ಲ ಹಾಳಾಗಲು, ಮೂಲಾ ನಕ್ಷತ್ರದ ಮಳೆಗೆ ಇವನ ಕೂಳೆ ಚಿಗುರಿ ಹಲವು ಮಡಿ ಬೆಳೆಯಿತು. ಈ ಕಥೆಯನ್ನು ಕಟ್ಟಿದವನು ಎರೆಯ ಹೊಲವನ್ನು ಬಲ್ಲವನು. ಹಿಂಗಾರಿನ ಜೋಳ, ಅದರ ಕೂಳೆ, ಮಳೆಯ ನಕ್ಷತ್ರ ಎಲ್ಲವೂ ಈ ಸೀಮೆಯವೇ. ಇನ್ನೊಬ್ಬ ಭಕ್ತ ನೇಕಾರ. ಮನೆಯವರೆಲ್ಲ ಶಿವರಾತ್ರಿಗೆಂದು ಶ್ರೀಶೈಲಕ್ಕೆ ಹೊರಟರೂ, ನನ್ನ ಶ್ರೀಶೈಲವು ಮಠದಲ್ಲಿಯೇ ಇದೆಯೆಂದು ಅವನು ಊರಲ್ಲಿ ಉಳಿದುಬಿಟ್ಟನು. ಗುರುಗಳು ಅವನನ್ನು ಕ್ಷಣಮಾತ್ರದಲ್ಲಿ ಶ್ರೀಶೈಲಕ್ಕೆ ಕರೆದೊಯ್ದು ಕರೆತಂದರಂತೆ. ದೂರದ ಮೋಹವನ್ನು ಹತ್ತಿರದ ನೋಟದಿಂದ ಗೆಲ್ಲುವ ಅದೇ ಪಾಠವು ಇಲ್ಲಿಯೂ ಇದೆ.

ಗುರುಗಳು ಕಣ್ಮರೆಯಾದ ಮೇಲೆಯೂ ಈ ದಾರಿಗೆ ಬಿಡುವಿಲ್ಲ. ಬೆಳಗ್ಗೆ ಸಂಗಮದಲ್ಲಿ ಸ್ನಾನ, ಮಧ್ಯಾಹ್ನ ಊರಲ್ಲಿ ಭಿಕ್ಷೆ. ಹೀಗೆ ಅವರು ಅದೃಶ್ಯರಾಗಿ ಈಗಲೂ ಸಂಚರಿಸುತ್ತಾರೆಂದು ಭಕ್ತರ ನಂಬಿಕೆ. ಆದುದರಿಂದ ಬಂದ ಯಾತ್ರಿಕರ ದಿನಚರಿಯೂ ಹಾಗೆಯೇ ಏರ್ಪಟ್ಟಿದೆ. ಬೆಳಗ್ಗೆ ಸಂಗಮದ ಸ್ನಾನ, ಔದುಂಬರದ ಕೆಳಗೆ ಕುಳಿತು ಪಾರಾಯಣ, ಮಧ್ಯಾಹ್ನದಲ್ಲಿ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಮಧುಕರಿ, ಮಠದಲ್ಲಿ ನಿರ್ಗುಣ ಪಾದುಕೆಗಳ ದರ್ಶನ. ಬೇಡುವವರಲ್ಲಿ ಗುರುಗಳೂ ಒಬ್ಬರಾಗಿರಬಹುದೆಂದು ಯಾರನ್ನೂ ತಿರಸ್ಕರಿಸುವಂತಿಲ್ಲ. ಸ್ವಂತ ಊರಲ್ಲಿ ಯಾರ ಮನೆಯ ಹೊಸ್ತಿಲಲ್ಲಿಯೂ ಕೈಯೊಡ್ಡದ ಮನುಷ್ಯನು ಇಲ್ಲಿ ಐದು ಮನೆಗಳ ಮುಂದೆ ನಿಲ್ಲುತ್ತಾನೆ. ಪದವಿ ಅಧಿಕಾರಗಳಿಗೆ ಅಷ್ಟು ಹೊತ್ತಾದರೂ ರಜೆ. ಸಂಗಮದ ಬಳಿಯಲ್ಲಿ ಒಂದು ಭಸ್ಮದ ಗುಡ್ಡವಿದೆ. ಹಿಂದೆ ಯಾಗಗಳು ನಡೆದ ಸ್ಥಳವೆಂದು ಹೇಳುತ್ತಾರೆ. ಬಂದವರು ಚಿಟಿಕೆ ಭಸ್ಮವನ್ನು ಮನೆಗೆ ಒಯ್ಯುತ್ತಾರೆ. ಗಾಣಗಾಪುರಕ್ಕಿರುವ ಪರ್ವತವೆಂದರೆ ಅದೊಂದೇ.

ಈ ಹೊರಸಂಚಾರಗಳಿಗೆ ಹಿರಿಯರು ಗೊತ್ತುಮಾಡಿದ ಕಾಲವನ್ನೂ ನೋಡಬೇಕು. ಅಷ್ಟತೀರ್ಥದ ಕಥೆಯು ದೀಪಾವಳಿಯದು. ದತ್ತಜಯಂತಿಯು ಮಾರ್ಗಶಿರದ ಹುಣ್ಣಿಮೆ. ಆಮೇಲೆ ಮಾಘದ ಹುಣ್ಣಿಮೆ. ಮಳೆ ನಿಂತು ಬಿಸಿಲು ಇನ್ನೂ ಏರದ ತಿಂಗಳುಗಳಿವು. ನದಿಯಲ್ಲಿ ನೀರಿದೆ, ಹೊಲದಲ್ಲಿ ಪೈರಿದೆ, ಗಾಳಿಯಲ್ಲಿ ತಂಪಿದೆ. ಗಿರಿಧಾಮಗಳು ಬೇಸಗೆಯನ್ನು ತಪ್ಪಿಸಿಕೊಳ್ಳಲು ಹುಟ್ಟಿದುವು. ಬಯಲಿನ ವಿಹಾರವು ಬಯಲೇ ಚೆನ್ನಾಗಿರುವ ಕಾಲವನ್ನು ಕಾದು ಹೊರಡುತ್ತದೆ. ಇದೇ ಸೀಮೆಯ ಎಳ್ಳಮಾವಾಸ್ಯೆಯೂ ಹಾಗೆಯೇ. ಅಂದು ಕಲಬುರಗಿಯಂಥ ಪಟ್ಟಣವೂ ಅರ್ಧ ಬರಿದಾಗುತ್ತದೆ. ಎತ್ತಿನ ಬಂಡಿಗಳಲ್ಲಿ, ಈಚೆಗೆ ಮೋಟಾರುಗಳಲ್ಲಿ, ಹೊಲವುಳ್ಳವರು ಹೊಲವಿಲ್ಲದ ಗೆಳೆಯರನ್ನೂ ಕರೆದುಕೊಂಡು ಹೋಗುತ್ತಾರೆ. ಬನ್ನಿಯ ಮರದ ಕೆಳಗೋ ಪೈರಿನ ನಡುವೆಯೋ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಹೊಲದ ಸುತ್ತ ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ, ಕಡುಬು, ಸೊಪ್ಪು ಕಾಳುಗಳನ್ನೆಲ್ಲ ಕೂಡಿಸಿ ಬೇಯಿಸಿದ ಬಜ್ಜಿ, ಶೇಂಗಾ ಹೋಳಿಗೆಗಳನ್ನು ಹಂಚಿಕೊಂಡು ತಿನ್ನುತ್ತಾರೆ. ನೋಡಬೇಕಾದ ಶಿಖರವೂ ಇಲ್ಲ, ಜಲಪಾತವೂ ಇಲ್ಲ. ನೋಡುವುದು ತಮ್ಮ ಬೆಳೆಯನ್ನೇ. ಇದಕ್ಕಿಂತ ಚೆನ್ನಾದ ವನಭೋಜನವನ್ನು ನಾವು ಬಲ್ಲೆವೆಂದು ಹೇಳಲಾರೆವು.

ಹಳೆಯ ಸಂಚಾರದ ರೂಪವನ್ನು ಮೊದಲು ಮಾರ್ಪಡಿಸಿದುದು ರೈಲು. ಸೊಲ್ಲಾಪುರದಿಂದ ಕಲಬುರಗಿಯ ಮೇಲೆ ರಾಯಚೂರಿಗೆ ಹೋಗುವ ದಾರಿಯು 1871ರಲ್ಲಿ ಪೂರ್ಣವಾಗಿ, ಮುಂಬಯಿಗೂ ಮದರಾಸಿಗೂ ಸಂಬಂಧವೇರ್ಪಟ್ಟಿತು. ಅದರಲ್ಲಿ ಗಾಣಗಾಪುರ ರೋಡ್ ಎಂಬ ನಿಲ್ದಾಣವಾಯಿತು. ಹೆಸರೇನೋ ಗಾಣಗಾಪುರದ್ದು, ಊರು ಅಲ್ಲಿಂದ ಸುಮಾರು 20 ಕಿಲೋಮೀಟರು. ಆ ಅಂತರವೇ ಬಹುಕಾಲ ಕ್ಷೇತ್ರವನ್ನು ಕಾಪಾಡಿತೆಂದು ನಮ್ಮ ಅಭಿಪ್ರಾಯ. ಪುಣೆ ಮುಂಬಯಿಗಳಿಂದ ಬಂದವನು ರೈಲಿನಿಂದ ಇಳಿದ ಮೇಲೂ ಜೋಳದ ಹೊಲಗಳ ನಡುವೆ ಅರ್ಧ ದಿನವನ್ನು ಕಳೆಯಲೇಬೇಕಾಗಿತ್ತು. ಊರನ್ನು ಮುಟ್ಟುವ ಹೊತ್ತಿಗೆ ಪಟ್ಟಣವು ಅವನ ತಲೆಯಿಂದ ಇಳಿದಿರುತ್ತಿತ್ತು. ಗುರುಚರಿತ್ರೆಯ ಸಾರವನ್ನು ಸಂಸ್ಕೃತಕ್ಕೆ ತಂದ ವಾಸುದೇವಾನಂದ ಸರಸ್ವತಿಗಳು, ಜನರು ಟೇಂಬೆ ಸ್ವಾಮಿಗಳೆನ್ನುವವರು, ರೈಲುಗಳು ಬಂದ ಕಾಲದಲ್ಲಿಯೂ ಭಾರತವನ್ನೆಲ್ಲ ಕಾಲ್ನಡಿಗೆಯಲ್ಲಿಯೇ ಸುತ್ತಿದರು. ಅವರು ದೇಹವಿಟ್ಟುದು 1914ರಲ್ಲಿ. ಆಮೇಲಿನದು ಮೋಟಾರಿನ ಯುಗ. ಈಗ ಕಲಬುರಗಿಯಿಂದ ಗಂಟೆಯೊಂದರಲ್ಲಿ ಮಠದ ಬಾಗಿಲಿಗೂ, ಅಲ್ಲಿಂದ ಕೆಲವೇ ನಿಮಿಷಗಳಲ್ಲಿ ಸಂಗಮಕ್ಕೂ ಹೋಗಬಹುದು. ಮುದುಕರಿಗೂ ರೋಗಿಗಳಿಗೂ ಇದು ದೊಡ್ಡ ಉಪಕಾರವೇ. ಆದರೆ ಹೀಗೆ ಹೋದವನಿಗೆ ಎಂಟು ತೀರ್ಥಗಳಲ್ಲಿ ಎರಡು ತುದಿಗಳು ಮಾತ್ರ ದೊರೆಯುತ್ತವೆ. ನಡುವಣ ಕಾಶಿ, ಗಯೆ, ದ್ವಾರಕೆಗಳು ಗಾಡಿಯ ಕಿಟಕಿಯಿಂದ ಕಾಣುವುದಿಲ್ಲ.

ಜನಸಂದಣಿಯ ವಿಷಯದಲ್ಲಿ ಗುರುಗಳ ಅಭಿಪ್ರಾಯವೇನೆಂಬುದನ್ನು ಗ್ರಂಥವೇ ತಿಳಿಸುತ್ತದೆ. ಬಿದರೆಯ ಸುಲ್ತಾನನು ತೊಡೆಯ ಮೇಲೆ ಹುಣ್ಣೆದ್ದು ನರಳುತ್ತ, ಪರಿವಾರದೊಡನೆ ಭೀಮಾತೀರಕ್ಕೆ ಬಂದು ಗುರುಗಳ ದರ್ಶನದಿಂದ ಗುಣಹೊಂದಿದನು. ಅವನ ಪ್ರಾರ್ಥನೆಯಂತೆ ಗುರುಗಳು ಬಿದರೆಗೂ ಹೋಗಿ ಬಂದರು. ಮತವನ್ನೆಣಿಸದೆ ಅವನನ್ನು ಪೂರ್ವಜನ್ಮದ ಭಕ್ತನೆಂದೇ ಕಂಡರು. ಆದರೆ ಊರಿಗೆ ಮರಳಿದ ಮೇಲೆ, ಅರಸನೇ ಬಂದನೆಂಬ ಪ್ರಸಿದ್ಧಿಯಾಯಿತು, ಇನ್ನು ಬಗೆಬಗೆಯ ಜನರು ತಮ್ಮ ತಮ್ಮ ಕೋರಿಕೆಗಳನ್ನು ಹೊತ್ತು ಮುತ್ತುವರು, ಗುಪ್ತವಾಗಿರುವುದೇ ಲೇಸು ಎಂದು ನಿಶ್ಚಯಿಸಿ ಶ್ರೀಶೈಲದ ದಾರಿಯನ್ನು ಹಿಡಿದರು. ಪಾತಾಳಗಂಗೆಯಲ್ಲಿ ಹೂವಿನ ಆಸನದ ಮೇಲೆ ಕುಳಿತು ಕಣ್ಮರೆಯಾದರು. ಕ್ಷೇತ್ರದ ಕೀರ್ತಿಯು ಕ್ಷೇತ್ರದ ಗುರುವನ್ನೇ ಊರು ಬಿಡಿಸಿತೆಂಬುದನ್ನು ಆ ಕ್ಷೇತ್ರದ ಪುರಾಣವೇ ಒಪ್ಪಿಕೊಂಡಿರುವುದು ಸಾಮಾನ್ಯವಾದ ಮಾತಲ್ಲ.

ಇನ್ನು ನೀರಿನ ಮಾತು. ಭೀಮೆಯು ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರವನ್ನು ಹಾದು, 861 ಕಿಲೋಮೀಟರು ಹರಿದು ಕೃಷ್ಣೆಯನ್ನು ಸೇರುತ್ತದೆ. ಬೆಟ್ಟದ ನೀರು ಹೀಗೆ ಬಯಲಿನವರ ಮನೆಬಾಗಿಲಿಗೆ ಬರುವುದರಿಂದಲೇ ಅವರು ಬೆಟ್ಟಕ್ಕೆ ಹೋಗಬೇಕಾಗಿರಲಿಲ್ಲ. 1980ರಲ್ಲಿ ಸೊಲ್ಲಾಪುರ ಜಿಲ್ಲೆಯ ಉಜ್ಜನಿಯ ಅಣೆಕಟ್ಟು ಮುಗಿಯಿತು. ಅಫಜಲಪುರ ತಾಲೂಕಿನ ಸೊನ್ನದಲ್ಲಿ ಬ್ಯಾರೇಜಾಯಿತು. ಆಳಂದ ತಾಲೂಕಿನ ಕೊರಳ್ಳಿಯಲ್ಲಿ ಅಮರ್ಜೆಗೂ ಕಟ್ಟೆ ಬಿದ್ದಿತು. ರೈತನಿಗೆ ಇವು ಬೇಕಾದುವೇ. ಆದರೆ ಮೇಲಿನವರು ಬಿಟ್ಟಷ್ಟೇ ನೀರು ಈಗ ಸಂಗಮದಲ್ಲಿರುತ್ತದೆ. ಬೇಸಗೆಯಲ್ಲಿ ಉಜ್ಜನಿಯಿಂದ ನೀರು ಬಿಡಿಸಿಕೊಡಿರೆಂದು ಅಫಜಲಪುರದ ಕಡೆಯವರು ಮೊರೆಯಿಡುವ ವರ್ಷಗಳುಂಟು. 2020ರ ಅಕ್ಟೋಬರಿನಲ್ಲಿ ಅದೇ ಭೀಮೆಯು ಉಕ್ಕಿ ದಡದ ಊರುಗಳನ್ನೂ ಬೆಳೆಗಳನ್ನೂ ಮುಳುಗಿಸಿತು. ಷಟ್ಕುಲವು ಪ್ರಯಾಗವಾಗುವುದು ಎರಡು ಹೊಳೆಗಳೂ ಹರಿದರೆ ತಾನೆ! ಸಂಜೀವನೋದಕದಿಂದ ಹುಟ್ಟಿದ ಅಮರ್ಜೆಯು ಕಲ್ಲುಗಳ ನಡುವೆ ಎಳೆಯಾಗಿ ಜಿನುಗುವುದನ್ನು ಕಂಡವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಹೋಗಬೇಕೆನ್ನುವವರು ಕಾರ್ತಿಕದಿಂದ ಮಾಘದೊಳಗೆ ಹೋಗುವುದು ಮೇಲು. ಹುಣ್ಣಿಮೆಗಳನ್ನು ಬಿಟ್ಟರೆ ಸಂದಣಿ ಕಡಮೆ. ರಾತ್ರಿ ಊರಲ್ಲಿ ತಂಗಿ, ಬೆಳಕು ಹರಿಯುವ ಮೊದಲೇ ಗಾಡಿಯನ್ನು ಊರಲ್ಲಿಯೇ ಬಿಟ್ಟು ಸಂಗಮಕ್ಕೆ ನಡೆದು ಹೋಗಬೇಕು. ಸ್ನಾನವಾದ ಮೇಲೆ ತೀರ್ಥಗಳ ಕ್ರಮವನ್ನು ಹಿಡಿದು ಹಿಂದಿರುಗಬೇಕು. ರುದ್ರಪಾದ, ಚಕ್ರತೀರ್ಥಗಳ ದಾರಿಯನ್ನು ಹೊಲದಲ್ಲಿ ಕೆಲಸ ಮಾಡುವವರನ್ನೇ ಕೇಳುವುದು ಒಳ್ಳೆಯದು. ಅವರು ದಾರಿಯೊಡನೆ ಒಂದು ಕಥೆಯನ್ನೂ ಹೇಳುತ್ತಾರೆ. ಬಿಸಿಲೇರುವ ಮುನ್ನ ಮನ್ಮಥ ತೀರ್ಥಕ್ಕೆ ಬಂದು, ಕಲ್ಲೇಶ್ವರನ ಗುಡಿಯ ನೆರಳಿನಲ್ಲಿ ಸ್ವಲ್ಪ ಹೊತ್ತು ಕುಳಿತರೂ, ಮಧುಕರಿಯ ಹೊತ್ತಿಗೆ ಸರಿಯಾಗಿ ಊರೊಳಗೆ ಬಂದು ಸೇರಬಹುದು.